ಮೇಜಿಗೆ ಮರಳುವವರನ್ನು ನೆನೆದು ಪಾಠ ಮಾಡು

ಮಗಳೇ,

ನಿನ್ನನ್ನು ತಾಲ್ಲೂಕು ಕಚೇರಿಯಿಂದ ಜಿಲ್ಲಾ ತರಬೇತಿ ಸಂಸ್ಥೆಗೆ ಹಾಕಿದ್ದಾರೆ ಅಂತ ನಿಮ್ಮಪ್ಪ ಸಪ್ಪೆ ದನಿಯಲ್ಲಿ ಹೇಳಿದ. ನೆಂಟರಲ್ಲಿ ಯಾರೋ ಆಗಲೇ ‘ಪಾಪ, ಏನು ತಪ್ಪು ಮಾಡಿತೋ ಹುಡುಗಿ’ ಅಂದರಂತೆ. ಸರ್ಕಾರಿ ನೌಕರಿಯಲ್ಲಿ ತರಬೇತಿ ಸಂಸ್ಥೆ ಅಂದರೆ ಮೂಲೆಗೆ ಕೂರಿಸುವ ಜಾಗ ಅನ್ನುವ ಮಾತು ನಾನು ಸೇವೆಗೆ ಸೇರಿದಾಗಲೂ ಇತ್ತು, ಈಗಲೂ ಇದೆ. ನೀನು ಎದುರಿಸಬೇಕಾದ ಮೊದಲ ತೊಡಕೇ ಇದು ಕಣಮ್ಮ. ಕಲಿಸಲು ಬಂದವರು ಅದನ್ನು ಶಿಕ್ಷೆ ಅಂದುಕೊಂಡು, ಮುಂದಿನ ವರ್ಗಾವಣೆಗೆ ಯಾರ ಕೈಲಿ ಹೇಳಿಸಲಿ ಅಂತ ಫೋನ್ ಹಿಡಿದು ಕೂತರೆ, ಎದುರಿಗೆ ಕೂತವರಿಗೆ ಅದು ಕಾಣದೆ ಇರುತ್ತದೆಯೇ? ಪಾಠ ಶುರುವಾಗುವ ಮುಂಚೆಯೇ ಅವರಿಗೆ ಗೊತ್ತಾಗಿಬಿಡುತ್ತೆ, ಇದು ಯಾರಿಗೂ ಬೇಕಿಲ್ಲದ ಕೆಲಸ ಅಂತ. ಅದಕ್ಕೇ ಮೊದಲು ಮುಖ ತೊಳೆದುಕೊಂಡು, ಒಳ್ಳೆ ಸೀರೆ ಉಟ್ಟುಕೊಂಡು ಹೋಗಿ ವರದಿ ಮಾಡಿಕೋ.

ಕಂದಾಯ ಇಲಾಖೆಯಲ್ಲಿ ನಾನು ತರಬೇತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ತೂಕಡಿಸಿದ್ದೂ ಉಂಟು, ಕೊನೆಕೊನೆಗೆ ಸಂಪನ್ಮೂಲ ವ್ಯಕ್ತಿ ಅನ್ನುವ ಭಾರಿ ಹೆಸರು ಹೊತ್ತು ಮುಂದೆ ನಿಂತು ಮಾತಾಡಿದ್ದೂ ಉಂಟು. ಎರಡೂ ಕಡೆಯಿಂದ ನೋಡಿದ ಮೇಲೆ ನನಗೆ ಅನಿಸಿದ್ದು ಒಂದೇ. ಸರ್ಕಾರದ ತರಬೇತಿ ಕೆಡುವುದು ತರಗತಿಯ ಒಳಗೆ ಕಡಿಮೆ. ಯಾರನ್ನು ಕಳಿಸುತ್ತಾರೆ ಅನ್ನುವಲ್ಲಿ ಒಂದು ಸಲ ಕೆಡುತ್ತದೆ, ಕಲಿತು ಬಂದವನನ್ನು ಯಾವ ಮೇಜಿಗೆ ಕೂರಿಸುತ್ತಾರೆ ಅನ್ನುವಲ್ಲಿ ಇನ್ನೊಂದು ಸಲ ಕೆಡುತ್ತದೆ. ನಡುವಿನ ಮೂರು ದಿನ ನೀನು ಎಷ್ಟೇ ಚೆನ್ನಾಗಿ ಪಾಠ ಮಾಡು, ಈ ಎರಡು ತುದಿ ಹಿಡಿಯದಿದ್ದರೆ ಫಲ ಕಾಣುವುದಿಲ್ಲ.

ಸ್ವಲ್ಪ ಹಿಂದಿನದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ದೇವನಹಳ್ಳಿ ತಾಲ್ಲೂಕಿನ ನಮ್ಮ ಆವತಿಯಂಥ ಊರಲ್ಲಿ ಹಿಂದೆ ನೌಕರರ ತರಬೇತಿ ಅನ್ನುವ ಮಾತೇ ಇರಲಿಲ್ಲ. ಶಾನುಭೋಗರ ಮನೆಯ ಹುಡುಗ ಅಪ್ಪನ ಪಕ್ಕ ಕೂತು ಪಹಣಿ ಬರೆಯುವುದನ್ನು, ಕಂದಾಯದ ಬಾಕಿ ಕೂಡಿಸುವುದನ್ನು, ಜಮಾಬಂದಿಯಲ್ಲಿ ಸಾಹೇಬರ ಮುಂದೆ ಲೆಕ್ಕ ಒಪ್ಪಿಸುವುದನ್ನು ಮೀಸೆ ಮೂಡುವ ಮುಂಚೆಯೇ ಕಲಿತುಬಿಡುತ್ತಿದ್ದ. ಯಾವ ಹೊಲದ ಬದು ಎಲ್ಲಿ ಬಾಗುತ್ತದೆ ಅನ್ನುವುದು ಅವನಿಗೆ ಕಾಲಿನಿಂದ ಗೊತ್ತಿರುತ್ತಿತ್ತು. ಆದರೆ ಆ ವಿದ್ಯೆ ಒಂದು ಮನೆಯ ಹೊಸಿಲು ದಾಟುತ್ತಿರಲಿಲ್ಲ. ಊರಿನ ಉಳಿದವರ ಜಮೀನಿನ ಹಣೆಬರಹ ಆ ಮನೆಯ ಕಡತದೊಳಗೆ ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಶಾನುಭೋಗಿಕೆ, ಪಟೇಲಿಕೆ ಎರಡೂ ಹೋದವು. ಹೋಗಬೇಕಾದದ್ದೇ. ಯಾವ ಮನೆಯ ಮಕ್ಕಳಾದರೂ ಗ್ರಾಮ ಲೆಕ್ಕಿಗರಾಗಬಹುದು ಅನ್ನುವ ಕಾಲ ಬಂತು. ನಾನೂ ನೀನೂ ಸರ್ಕಾರಿ ಕುರ್ಚಿಯಲ್ಲಿ ಕೂತದ್ದು ಆ ಬಾಗಿಲು ತೆರೆದದ್ದರಿಂದ. ಆದರೆ ಅಪ್ಪ ಮಗನಿಗೆ ಹೇಳಿಕೊಡುತ್ತಿದ್ದುದನ್ನು ಇನ್ನು ಮುಂದೆ ಸರ್ಕಾರವೇ ಹೇಳಿಕೊಡಬೇಕಾಯಿತು. ಅರವತ್ತು ವರ್ಷ ದಾಟಿದೆ, ಆ ಹೊಣೆಯನ್ನು ನಮ್ಮ ಸರ್ಕಾರ ಇನ್ನೂ ಅರೆಮನಸ್ಸಿನಲ್ಲೇ ಹೊತ್ತಿದೆ.

ಹೇಗೆ ಅಂತ ನಿನಗೇ ಗೊತ್ತು. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಪಾಸಾದ ಹುಡುಗನಿಗೆ ನೇಮಕಾತಿ ಆದೇಶ ಸಿಗುತ್ತದೆ. ಮಾರನೇ ದಿನ ಕಚೇರಿಗೆ ಬಂದರೆ ಒಂದು ಬೀರುವಿನ ಬೀಗದ ಕೈ ಕೊಟ್ಟು ‘ಇದು ನಿನ್ನ ಸಂಕಲನ’, ಅಂದರೆ ನೀನು ನೋಡಿಕೊಳ್ಳಬೇಕಾದ ವಿಷಯ, ಅನ್ನುತ್ತಾರೆ. ವೃತ್ತಿ ಬುನಾದಿ ತರಬೇತಿಗೆ ಕರೆ ಬರುವುದು ಎಷ್ಟೋ ಸಲ ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಪಕ್ಕದ ಮೇಜಿನ ಹಿರಿಯ ಗುಮಾಸ್ತರೇ ಅವನಿಗೆ ಗುರು. ಅವರಲ್ಲಿ ಚಿನ್ನದಂಥವರೂ ಇದ್ದಾರೆ; ‘ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಏನೂ ಬರೆಯಬೇಡ, ನಾಳೆ ನಿನ್ನ ತಲೆಗೇ ಬರುತ್ತೆ’ ಅಂತ ಕಲಿಸುವವರೂ ಇದ್ದಾರೆ. ಹಾಗಾಗಿ ನಿನ್ನ ತರಗತಿಗೆ ಬರುವವನ ತಲೆ ಖಾಲಿ ಪಾಟಿಯಲ್ಲ. ಅರ್ಧ ಸರಿ, ಅರ್ಧ ತಪ್ಪು ಬರೆದು ತುಂಬಿಸಿಯಾಗಿದೆ. ಬುನಾದಿ ತರಬೇತಿಯ ಮೊದಲ ದಿನ ಸಂವಿಧಾನ, ಆಡಳಿತ ವ್ಯವಸ್ಥೆ ಅಂತ ದೊಡ್ಡ ವಿಷಯಕ್ಕೆ ಕೈ ಹಾಕಬೇಡ. ನೀವು ಇದುವರೆಗೆ ಏನು ಮಾಡುತ್ತಿದ್ದೀರಿ, ಹಾಗೆ ಮಾಡಲು ಹೇಳಿದ್ದು ಯಾರು, ಯಾವ ನಿಯಮ ಓದಿ ಹೇಳಿದರು ಅಂತ ಕೇಳು. ಆ ಒಂದು ಗಂಟೆಯಲ್ಲಿ ನಿನಗೆ ಐದು ದಿನಕ್ಕಾಗುವಷ್ಟು ಪಠ್ಯ ಸಿಗುತ್ತದೆ.

ಹೇಳಿಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಮಾಹಿತಿ ಹಕ್ಕು ಕಾಯ್ದೆಯನ್ನೇ ನೋಡು. 2005ರಲ್ಲಿ ಬಂತು. 30 ದಿನದೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ, ಅದೂ ಅಧಿಕಾರಿಯ ಸ್ವಂತ ಜೇಬಿನಿಂದ. ಇಷ್ಟು ಸರಳ. ಆದರೂ ಮಾಹಿತಿ ಆಯೋಗದಿಂದ ದಂಡದ ಆದೇಶ ಬಂದ ಮೇಲೆಯೇ ಕಾಯ್ದೆಯ ಪುಸ್ತಕ ಬಿಚ್ಚಿದವರನ್ನು ನಾನು ಕಂಡಿದ್ದೇನೆ. ಅವರು ದಡ್ಡರಲ್ಲ. ಮಾಹಿತಿ ಅಧಿಕಾರಿ ಅಂತ ಬಾಗಿಲ ಮೇಲೆ ಬೋರ್ಡು ಬರೆಸಿದ ಕಚೇರಿ, ಆ ಹುದ್ದೆಯ ಕೆಲಸ ಏನು ಅಂತ ಅವರನ್ನು ಒಂದು ದಿನ ಕೂರಿಸಿ ಹೇಳಿರಲಿಲ್ಲ ಅಷ್ಟೆ.

ಈಗ ನಿಯೋಜನೆಯ ವಿಷಯಕ್ಕೆ ಬರುತ್ತೇನೆ. ಇದರಲ್ಲೇ ನಿನ್ನ ಅರ್ಧ ಜಗಳ ನಡೆಯುವುದು.

ನೀನು ಪತ್ರ ಬರೆಯುತ್ತೀಯ: ಇಂಥ ವಿಷಯ ನಿರ್ವಹಿಸುವ ನೌಕರರನ್ನು ಇಂಥ ದಿನಾಂಕಕ್ಕೆ ನಿಯೋಜಿಸಿ, ಕಾರ್ಯಮುಕ್ತಗೊಳಿಸಿ ಕಳಿಸಿ. ಕಚೇರಿಯ ಮುಖ್ಯಸ್ಥ ಪತ್ರ ನೋಡಿ ಯೋಚಿಸುತ್ತಾನೆ. ಆ ವಿಷಯ ನಿರ್ವಾಹಕನೇ ಹೋದರೆ ಮೂರು ದಿನ ಕೆಲಸ ನಿಲ್ಲುತ್ತೆ, ಜನ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹಾಗಾದರೆ ಯಾರು ಹೋದರೆ ಕಚೇರಿಗೆ ತೊಂದರೆಯಿಲ್ಲ? ಆ ಮನುಷ್ಯನ ಹೆಸರು ಬರೆದು ಕಳಿಸುತ್ತಾನೆ. ಹೀಗೆ ನಿನ್ನ ಮುಂದೆ ಬಂದು ಕೂರುವವರು ಯಾರು? ಇನ್ನು ನಾಲ್ಕು ತಿಂಗಳಲ್ಲಿ ನಿವೃತ್ತಿ ಆಗುವವರು, ಟಪಾಲು ನೋಡಿಕೊಳ್ಳುವವರು, ಕಚೇರಿಯಲ್ಲಿ ಯಾರಿಗೂ ಹೊಂದದೆ ಹೊರಗೆ ಇದ್ದರೆ ಸಾಕು ಅನಿಸಿಕೊಂಡವರು. ತರಬೇತಿ ಮೈಸೂರಿನಲ್ಲಿದ್ದು ದಸರಾ ಹತ್ತಿರವಿದ್ದರೆ ಮಾತ್ರ ಪಟ್ಟಿಯಲ್ಲಿ ಬೇರೆ ಹೆಸರುಗಳು ಬರುತ್ತವೆ! ಹೋದವರೇ ಮೂರು ಮೂರು ಸಲ ಹೋಗುತ್ತಾರೆ, ಕೆಲಸದ ದಿನವೆಂದೇ ಲೆಕ್ಕಕ್ಕೆ ಬರುವ ಓ.ಓ.ಡಿ. ಸಿಕ್ಕಿತು, ಪ್ರಯಾಣ ಭತ್ಯೆ ಸಿಕ್ಕಿತು ಅಂತ. ನಿಜವಾಗಿ ಆ ಮೇಜಿನಲ್ಲಿ ದುಡಿಯುವ ಹೆಣ್ಣುಮಗಳಿಗೆ ಇಡೀ ಸೇವೆಯಲ್ಲಿ ಒಂದು ಸಲವೂ ಕರೆ ಬರುವುದಿಲ್ಲ.

ಮುಖ್ಯಸ್ಥನನ್ನೂ ಬೈದು ಉಪಯೋಗವಿಲ್ಲ. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆ ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎರಡು ಪಂಚಾಯಿತಿಯ ಪ್ರಭಾರ ಹೊತ್ತು ಬೆಳಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು ಊರು ಅಂತ ಓಡುತ್ತಿರುವಾಗ, ಐದು ದಿನ ವಸತಿ ತರಬೇತಿಗೆ ಬಾ ಅಂದರೆ ಆತ ಬಂದಾನು, ಮನಸ್ಸು ಮಾತ್ರ ವಾಟ್ಸಾಪಿನಲ್ಲಿರುತ್ತದೆ. ತರಗತಿಯಲ್ಲಿ ಫೋನ್ ಹಿಡಿದವರ ಮೇಲೆ ರೇಗಬೇಡ. ಆ ಕಡೆಯಿಂದ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ವರದಿ ಕೇಳುತ್ತಿರುತ್ತಾರೆ. ಕೇಂದ್ರ ಸರ್ಕಾರದ 2012ರ ರಾಷ್ಟ್ರೀಯ ತರಬೇತಿ ನೀತಿ, ಪ್ರತಿ ಇಲಾಖೆಯೂ ಸಂಬಳದ ಬಜೆಟ್ಟಿನ ಶೇಕಡಾ 2.5ರಷ್ಟನ್ನಾದರೂ ತರಬೇತಿಗೆ ತೆಗೆದಿಡಬೇಕು ಅನ್ನುತ್ತದೆ. ಒಳ್ಳೆಯ ಮಾತು. ಆದರೆ ದುಡ್ಡು ತೆಗೆದಿಟ್ಟರೂ, ಹೋದವನ ಜಾಗದಲ್ಲಿ ಕೂರಲು ಇನ್ನೊಬ್ಬನಿಲ್ಲದಿದ್ದರೆ ದುಡ್ಡು ಮಾತ್ರ ಖರ್ಚಾಗುತ್ತದೆ.

ನಿನ್ನ ಕೈಲಾಗುವುದು ಇಷ್ಟು. ಪತ್ರದಲ್ಲಿ ಹುದ್ದೆಯ ಹೆಸರು ಬರೆಯಬೇಡ, ಕೆಲಸದ ಹೆಸರು ಬರೆ. ‘ದ್ವಿತೀಯ ದರ್ಜೆ ಸಹಾಯಕರೊಬ್ಬರನ್ನು’ ಅಂದರೆ ಯಾರಾದರೂ ಬರುತ್ತಾರೆ. ‘ಕಳೆದ ಮೂರು ತಿಂಗಳಿಂದ ಖಜಾನೆಗೆ ಬಿಲ್ಲು ತಯಾರಿಸುತ್ತಿರುವವರನ್ನು, ಖಜಾನೆ ವಾಪಸು ಕಳಿಸಿದ ಎರಡು ಬಿಲ್ಲುಗಳ ಸಮೇತ’ ಅಂತ ಬರೆದು ನೋಡು. ಬಿಲ್ಲು ತಯಾರಿಸದವನು ಆ ಎರಡು ಕಾಗದ ಎಲ್ಲಿಂದ ತರುತ್ತಾನೆ? ಆಮೇಲೆ ಐದು ದಿನದ ವಸತಿ ತರಬೇತಿಯನ್ನು ಸಾಧ್ಯವಾದಷ್ಟು ಒಡೆದು, ವಾರಕ್ಕೊಂದು ದಿನದಂತೆ ಜಿಲ್ಲೆಯಲ್ಲೇ ಮಾಡು. ಈಗ ನಮ್ಮ ಜಿಲ್ಲೆಯ ಜಿಲ್ಲಾಡಳಿತ ಭವನ ದೇವನಹಳ್ಳಿ ಹತ್ತಿರದ ಬೀರಸಂದ್ರದಲ್ಲಿದೆ. ನೆಲಮಂಗಲದವರಿಗೆ, ಹೊಸಕೋಟೆಯವರಿಗೆ ಅದೂ ದೂರವೇ, ಆದರೆ ಸಂಜೆಗೆ ಮನೆ ಸೇರಬಹುದು. ಆವತಿಯಿಂದ ಮೈಸೂರಿನ ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆಗೆ ಇನ್ನೂರು ಕಿಲೋಮೀಟರ್ ಹತ್ತಿರ. ಎದೆಹಾಲು ಕುಡಿಯುವ ಮಗುವಿರುವ ಗ್ರಾಮ ಆಡಳಿತ ಅಧಿಕಾರಿ ಅಲ್ಲಿಗೆ ಹೋಗಿ ಐದು ರಾತ್ರಿ ಹೇಗಿರುತ್ತಾಳೆ? ಹೋಗದಿದ್ದರೆ ‘ಗೈರುಹಾಜರಿಗೆ ಕಾರಣ ಕೇಳಿ ನೋಟಿಸ್’ ಹೋಗುತ್ತದೆ. ಅಂಥ ನೋಟಿಸಿಗೆ ನೀನು ಮಾತ್ರ ಸಹಿ ಹಾಕಬೇಡ.

ದಿನಾಂಕ ಗೊತ್ತುಮಾಡುವಾಗಲೂ ತಲೆ ಓಡಿಸು. ಮಾರ್ಚಿನಲ್ಲಿ ತರಬೇತಿ ಇಡುವುದು ಅನುದಾನ ಖರ್ಚು ಮಾಡಲು, ಕಲಿಸಲು ಅಲ್ಲ. ಆ ತಿಂಗಳು ಇಡೀ ಕಚೇರಿ ಖಜಾನೆಯ ಬಾಗಿಲಲ್ಲಿರುತ್ತದೆ. ಮೇ-ಜೂನ್ ಸಾರ್ವತ್ರಿಕ ವರ್ಗಾವಣೆಯ ಕಾಲ. ಏಪ್ರಿಲ್‌ನಲ್ಲಿ ಕಲಿತವನು ಜೂನ್‌ನಲ್ಲಿ ಬೇರೆ ಸಂಕಲನದಲ್ಲಿರುತ್ತಾನೆ. ಅಧಿವೇಶನ ನಡೆಯುವಾಗ ಮೇಲಿನವರು ಯಾರನ್ನೂ ಬಿಡುವುದಿಲ್ಲ. ಆಷಾಢ, ಶ್ರಾವಣದ ತಿಂಗಳುಗಳೇ ವಾಸಿ. ವರ್ಗಾವಣೆ ಮುಗಿದು, ಹೊಸ ಜಾಗಕ್ಕೆ ಬಂದವನು ‘ಇದೇನು ಗೊತ್ತಾಗುತ್ತಿಲ್ಲ’ ಅಂತ ಒದ್ದಾಡುತ್ತಿರುತ್ತಾನಲ್ಲ, ಆಗ ಕರೆ.

ಮೇಲಿನಿಂದ ಕೆಳಕ್ಕೆ ಇಳಿಸುವ ತರಬೇತಿಯ ಕತೆ ಬೇರೆ. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲೋ, ಅಬ್ದುಲ್ ನಜೀರ್‌ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯಲ್ಲೋ ಮಾಸ್ಟರ್ ಟ್ರೈನರುಗಳಿಗೆ ಕಲಿಸುತ್ತಾರೆ. ಅವರು ಜಿಲ್ಲೆಗೆ ಬಂದು ಕಲಿಸುತ್ತಾರೆ. ಜಿಲ್ಲೆಯವರು ತಾಲ್ಲೂಕಿಗೆ, ತಾಲ್ಲೂಕಿನವರು ಪಂಚಾಯಿತಿಗೆ. ಮೈಸೂರಿನಲ್ಲಿ ಗಟ್ಟಿ ಮೊಸರು, ಜಿಲ್ಲೆಯಲ್ಲಿ ಮಜ್ಜಿಗೆ, ತಾಲ್ಲೂಕಿನಲ್ಲಿ ನೀರುಮಜ್ಜಿಗೆ, ನಮ್ಮ ಆವತಿಗೆ ಬಂದಾಗ ಬರೀ ಕೊತ್ತಂಬರಿ ಸೊಪ್ಪು ತೇಲುವ ನೀರು. ಇದಕ್ಕೆ ಪರಿಹಾರ ಹುಡುಕಿಲ್ಲ ಅಂತಲ್ಲ. ನಜೀರ್‌ಸಾಬ್ ಸಂಸ್ಥೆಯವರು ಉಪಗ್ರಹದ ಮೂಲಕ, ಸ್ಯಾಟ್‌ಕಾಂ ಅಂತ ಕರೆಯುತ್ತಿದ್ದರು, ಮೈಸೂರಿನ ಸ್ಟುಡಿಯೊದಿಂದಲೇ ನೇರ ತಾಲ್ಲೂಕು ಪಂಚಾಯಿತಿ ಕಚೇರಿಗಳಿಗೆ ಪಾಠ ಕಳಿಸಿದರು. ಕೂತವರು ಫೋನ್ ಮಾಡಿ ಪ್ರಶ್ನೆ ಕೇಳಬಹುದಿತ್ತು. ದೇಶದಲ್ಲೇ ಹೊಸ ಪ್ರಯತ್ನ ಅದು. ಮಾತು ನಡುವೆ ತೆಳುವಾಗದೆ ಕೊನೆಯವರಿಗೂ ಮುಟ್ಟಿತು. ಆದರೆ ತಾಲ್ಲೂಕಿನ ಆ ಕೋಣೆಯಲ್ಲಿ ಪಕ್ಕ ಕೂತು ‘ನಿಮ್ಮ ಪಂಚಾಯಿತಿಯಲ್ಲಿ ಇದು ಹೇಗೆ ಬರುತ್ತೆ’ ಅಂತ ಬಿಡಿಸಿ ಹೇಳುವ ಒಬ್ಬರು ಇದ್ದ ಕಡೆ ಮಾತ್ರ ಜನ ಕಲಿತರು. ಉಳಿದ ಕಡೆ ಟಿ.ವಿ. ಓಡುತ್ತಿತ್ತು, ಕಾಫಿ ಬರುತ್ತಿತ್ತು. ಆ ಪಕ್ಕ ಕೂರುವವರನ್ನು ಪ್ರತಿ ತಾಲ್ಲೂಕಿನಲ್ಲೂ ಹುಡುಕಿಕೊಳ್ಳುವುದು ಈಗ ನಿನ್ನ ಕೆಲಸ. ಹುದ್ದೆ ನೋಡಿ ಹುಡುಕಬೇಡ. ಕಚೇರಿಯಲ್ಲಿ ತೊಡಕಾದಾಗ ಎಲ್ಲರೂ ಎದ್ದು ಯಾರ ಮೇಜಿನ ಬಳಿ ಹೋಗುತ್ತಾರೆ ಅಂತ ನೋಡು, ಅವರೇ.

ಕಲಿಸಿದ್ದು ನಿಂತ ಉದಾಹರಣೆ ಒಂದೂ ಇಲ್ಲವೇ ಅಂತ ನೀನು ಕೇಳಬಹುದು. ಇದೆ. ‘ಭೂಮಿ’ ಯೋಜನೆ.

ಈಗಿನವರಿಗೆ ಪಹಣಿ ಅಂದರೆ ಮೊಬೈಲಿನಲ್ಲಿ ತೆಗೆಯುವ ಕಾಗದ. 2000ದ ಆಸುಪಾಸಿನವರೆಗೆ ಅದು ಗ್ರಾಮ ಲೆಕ್ಕಿಗರ ಕೈಬರಹ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿಗೆ ಅಚ್ಚು ಮಾಡಿಕೊಡುವುದು ‘ಭೂಮಿ’ಯ ಕೆಲಸ. ಕಂಪ್ಯೂಟರ್ ಮುಟ್ಟಿ ನೋಡದ ಇಲಾಖೆ ನಮ್ಮದು. ಆಗ ಒಳ್ಳೆಯ ತರಬೇತಿಯೇನೋ ಆಯಿತು, ಆದರೆ ಕಲಿತದ್ದು ನಿಂತದ್ದಕ್ಕೆ ನಾನು ಕಂಡ ಕಾರಣ ಎರಡು. ಒಂದು, ಹೊರಗಿನವರು ಟೈಪು ಮಾಡಿದ ಮಾಹಿತಿಯನ್ನು ಮೂಲ ಪಹಣಿಯ ಜತೆ ಸಾಲು ಸಾಲಾಗಿ ತಾಳೆ ನೋಡಿ ತಪ್ಪು ತಿದ್ದಿದವರು ಗ್ರಾಮ ಲೆಕ್ಕಿಗರೇ. ಯಾರದೋ ಊರಿನ ಉದಾಹರಣೆ ಇಟ್ಟು ಅವರಿಗೆ ಪಾಠ ಹೇಳಲಿಲ್ಲ. ತಮ್ಮ ಸರ್ಕಲ್ಲಿನ ಸರ್ವೆ ನಂಬರುಗಳ ಮೇಲೇ ಅವರು ಕಲಿತರು. ಎರಡು, ತಾಲ್ಲೂಕಿಗೆ ಕಂಪ್ಯೂಟರ್ ಪಹಣಿ ಬಂದ ಮೇಲೆ ಕೈಬರಹದ ಪಹಣಿ ನಡೆಯುವುದಿಲ್ಲ ಅಂತ ಸರ್ಕಾರ ಗಟ್ಟಿಯಾಗಿ ಹೇಳಿತು. ಹಳೆಯ ದಾರಿ ಮುಚ್ಚಿಹೋಯಿತು. ಕಿಟಕಿಯಲ್ಲಿ ಕೂತ ಲೆಕ್ಕಿಗ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು, ಬಂದ ಅರ್ಜಿಯನ್ನು ಬಂದ ಸರದಿಯಲ್ಲೇ ವಿಲೇ ಮಾಡಬೇಕು. ಮರೆತರೆ ಮಾರನೇ ದಿನ ಕೆಲಸ ನಡೆಯುವುದಿಲ್ಲ. ಮರೆಯಲು ಯಾರಿಗೆ ಪುರುಸೊತ್ತು?

ಇದರ ತದ್ವಿರುದ್ಧ ಎಷ್ಟೋ ಕಡೆ ನೋಡುತ್ತೇವೆ. ಕಡತಗಳನ್ನು ಇ-ಆಫೀಸಿನಲ್ಲಿ ಮಂಡಿಸುವುದನ್ನು ಕಲಿಸುತ್ತಾರೆ, ಕಲಿತವನು ವಾಪಸು ಬರುತ್ತಾನೆ, ಮೇಲಿನ ಸಾಹೇಬರು ‘ನನಗೆ ಪರದೆಯಲ್ಲಿ ಓದಲು ಆಗಲ್ಲಪ್ಪ, ಪ್ರಿಂಟು ತಾ’ ಅನ್ನುತ್ತಾರೆ. ಆವತ್ತಿಗೆ ಆ ತರಬೇತಿ ಮುಗಿಯಿತು. ಅದಕ್ಕೇ ಹೇಳುತ್ತೇನೆ, ಕೆಳಗಿನವರಿಗೆ ಮೂರು ದಿನ ಕಲಿಸುವ ಮುಂಚೆ ಮೇಲಿನವರನ್ನು ಅರ್ಧ ದಿನ ಕೂರಿಸು. ತಹಶೀಲ್ದಾರರು, ಇಒಗಳು ತರಬೇತಿಗೆ ಬರಲು ಒಪ್ಪುವುದಿಲ್ಲ, ಅವರಿಗದು ಮರ್ಯಾದೆಯ ಪ್ರಶ್ನೆ. ‘ಸಮಾಲೋಚನಾ ಸಭೆ’ ಅಂತ ಹೆಸರಿಡು, ಬರುತ್ತಾರೆ. ನಿಮ್ಮ ನೌಕರರಿಗೆ ಇದನ್ನು ಕಲಿಸುತ್ತಿದ್ದೇವೆ, ಅವರು ವಾಪಸು ಬಂದ ಮೇಲೆ ಹೀಗೆ ಮಾಡಲು ಬಿಡಿ, ಆರು ತಿಂಗಳು ಆ ಸಂಕಲನದಿಂದ ಕದಲಿಸಬೇಡಿ ಅಂತ ಅವರ ಬಾಯಲ್ಲೇ ಒಪ್ಪಿಸಿಕೋ.

ಪರೀಕ್ಷೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಕೂಡ ಸಿಗುತ್ತಾರೆ. 2012ರಲ್ಲಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂತು. ಪಾಸಾಗದಿದ್ದರೆ ಬಡ್ತಿ, ವೇತನ ಬಡ್ತಿಗೆ ಕುತ್ತು. ಗಡುವು ಮಾತ್ರ ಮುಂದೆ ಹೋಗುತ್ತಲೇ ಇತ್ತು. ಪ್ರಶ್ನೋತ್ತರ ಉರುಹೊಡೆದು ಪಾಸಾಗಿ, ವೇತನ ಬಡ್ತಿ ಪಡೆದು, ಆಮೇಲೂ ನುಡಿ ತಂತ್ರಾಂಶದಲ್ಲಿ ಒಂದು ಪತ್ರ ಟೈಪು ಮಾಡಲು ಆಪರೇಟರನ್ನು ಕೂಗುವವರು ನಿನ್ನ ಕಚೇರಿಯಲ್ಲೂ ಇದ್ದಾರು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಿಷನ್ ಕರ್ಮಯೋಗಿಯ ಐಗಾಟ್ ಆನ್‌ಲೈನ್ ಕಲಿಕಾ ತಾಣವೂ ಈಗ ಬಂದಿದೆ. ಮನೆಯಲ್ಲಿ ಕೂತೇ ಕಲಿಯಬಹುದು ಅನ್ನುವುದು ದೊಡ್ಡ ಅನುಕೂಲ, ಮಕ್ಕಳಿರುವ ಹೆಣ್ಣುಮಕ್ಕಳಿಗಂತೂ ಇನ್ನೂ. ಆದರೆ ವಿಡಿಯೊ ಓಡಲು ಬಿಟ್ಟು ಒಲೆ ಮೇಲೆ ಸಾರು ಇಟ್ಟು ಬಂದರೂ ಪ್ರಮಾಣಪತ್ರ ಸಿಗುತ್ತದೆ, ಮತ್ತು ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷು, ಹಿಂದಿ. ಇಷ್ಟು ಜನ ಇಷ್ಟು ಕೋರ್ಸು ಮುಗಿಸಿದರು ಅನ್ನುವ ಅಂಕಿ ಕೇಳಿ ಮೇಲಿನವರು ನಿನ್ನನ್ನು ಹೊಗಳಿದರೆ ನಕ್ಕು ಸುಮ್ಮನಿರು, ನೀನೂ ಅದನ್ನೇ ನಂಬಬೇಡ.

ಏನನ್ನು ಅಳೆಯುತ್ತೇವೋ ನೌಕರ ಅದನ್ನು ಬೇಗ ಕಲಿಯುತ್ತಾನೆ. ಅರ್ಜಿಗಳನ್ನು ಗೊತ್ತಾದ ದಿನದೊಳಗೆ ವಿಲೇ ಮಾಡಿಸುವ ‘ಸಕಾಲ’ವನ್ನು 2012ರ ಮಾರ್ಚ್ 1ರಂದು ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು ತಾಲ್ಲೂಕುಗಳಲ್ಲಿ ಮೊದಲು ಮಾಡಿ ನೋಡಿ, ಏಪ್ರಿಲ್ 2ರಿಂದ ರಾಜ್ಯಕ್ಕೆಲ್ಲ ತಂದರು. ಆಗ 11 ಇಲಾಖೆಗಳ 151 ಸೇವೆ. ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500. ಯಾವ ಉಪನ್ಯಾಸವೂ ಇಲ್ಲದೆ ಕಚೇರಿಗಳು ದಿನ ಎಣಿಸುವುದನ್ನು ಕಲಿತವು. ಅದರ ಜತೆಗೇ ‘ಇನ್ನೊಂದು ದಾಖಲೆ ಬೇಕು’ ಅಂತ ಬರೆದು ಅರ್ಜಿ ತಿರಸ್ಕರಿಸಿ ಗಡಿಯಾರ ನಿಲ್ಲಿಸುವುದನ್ನೂ ಕೆಲವರು ಅಷ್ಟೇ ಚುರುಕಾಗಿ ಕಲಿತರು. ನೀನು ಸಕಾಲದ ಬಗ್ಗೆ ಪಾಠ ಮಾಡಿದರೆ ವಿಲೇವಾರಿಯ ಲೆಕ್ಕ ಕೇಳಬೇಡ, ತಿರಸ್ಕಾರದ ಕಾರಣಗಳನ್ನು ಓದಿಸು.

ಈಗ ನಮ್ಮೂರಿಗೆ ಬಾ. ನೀನು ಸಣ್ಣವಳಿದ್ದಾಗ ಆವತಿಯ ಪಂಚಾಯಿತಿಯ ಕೆಲಸ ಅಂದರೆ ಬೀದಿದೀಪ, ಚರಂಡಿ, ಕುಡಿಯುವ ನೀರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ಮೇಲೆ ಹೈದರಾಬಾದ್ ಹೆದ್ದಾರಿಯ ಎರಡೂ ಬದಿಯ ನೆಲಕ್ಕೆ ಬೆಲೆ ಬಂದ ಪರಿ ನಿನಗೆ ಗೊತ್ತೇ ಇದೆ. ದ್ರಾಕ್ಷಿ ಚಪ್ಪರ ಇದ್ದ ಕಡೆ ನಿವೇಶನದ ಕಲ್ಲು ನೆಟ್ಟಿದ್ದಾರೆ. 2013ರಲ್ಲಿ ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳ ದಾಖಲೆ ಕೊಡುವ ಇ-ಸ್ವತ್ತು ಬಂತು. ಕ್ರಮಬದ್ಧ ನಿವೇಶನಕ್ಕೆ ನಮೂನೆ 9 ಮತ್ತು 11ಎ, ಉಳಿದವಕ್ಕೆ 11ಬಿ. ಇವೆರಡರ ವ್ಯತ್ಯಾಸ ಒಂದು ಕ್ಲಿಕ್ಕು. ಆ ಕ್ಲಿಕ್ಕು ತಪ್ಪಿದರೆ ಒಂದು ಕುಟುಂಬ ಹತ್ತು ವರ್ಷ ಕೋರ್ಟು ಅಲೆಯುತ್ತದೆ, ಬ್ಯಾಂಕು ಸಾಲ ಕೊಡುವುದಿಲ್ಲ. ಎಪ್ಪತ್ತರ ದಶಕದ ಒಬ್ಬ ಸಬ್‌ರಿಜಿಸ್ಟ್ರಾರಿಗೂ ಇಲ್ಲದಿದ್ದ ಹೊಣೆ ಇವತ್ತು ನಮ್ಮ ಸುತ್ತಿನ ಪಂಚಾಯಿತಿಗಳ ಕಂಪ್ಯೂಟರ್ ಮುಂದೆ ಕೂತವರ ಮೇಲಿದೆ.

ಆ ಕಂಪ್ಯೂಟರ್ ಮುಂದೆ ಕೂತವರು ಯಾರು? ಅನುಮೋದನೆಗೆ ಬೆರಳೊತ್ತುವುದು ಪಿಡಿಒ. ಅದಕ್ಕೂ ಮುಂಚೆ ಎಲ್ಲವನ್ನೂ ತುಂಬಿಸುವುದು ಡೇಟಾ ಎಂಟ್ರಿ ಆಪರೇಟರ್. ಜಾಗಕ್ಕೆ ಹೋಗಿ ಚಕ್ಕುಬಂದಿ ನೋಡಿ ಬರುವುದು ಎಷ್ಟೋ ಸಲ ಕರ ವಸೂಲಿಗಾರ. ತರಬೇತಿಯ ಪಟ್ಟಿಯಲ್ಲಿ ಪಿಡಿಒ ಹೆಸರಿರುತ್ತದೆ, ಕಾರ್ಯದರ್ಶಿಯ ಹೆಸರಿರುತ್ತದೆ. ಉಳಿದವರ ಹೆಸರು ಅಪರೂಪ, ಯಾಕೆಂದರೆ ಅವರು ‘ನೌಕರ’ರ ಲೆಕ್ಕಕ್ಕೆ ಪೂರ್ತಿ ಸೇರಿದವರಲ್ಲ, ಹೊರಗುತ್ತಿಗೆಯವರಂತೂ ಸೇರುವುದೇ ಇಲ್ಲ. ನೀರಗಂಟಿಯ ಮಾತು ಕೇಳುವುದೇ ಬೇಡ. ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವವನು ಅವನು. ನಲ್ಲಿಯಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುವುದು ದೇಶದ ಕುಡಿಯುವ ನೀರಿನ ಮಾನದಂಡ. ಅವನಿಗೆ ಆ ಸಂಖ್ಯೆ ಬೇಕಿಲ್ಲ. ನಿಮ್ಮೂರ ಟ್ಯಾಂಕಿಗೆ ಎಷ್ಟು ಹಿಡಿ ಪುಡಿ, ಎಷ್ಟು ಹೊತ್ತು ಬಿಟ್ಟು ನೀರು ಬಿಡಬೇಕು, ಪರೀಕ್ಷೆ ಕಿಟ್ಟಿನಲ್ಲಿ ಯಾವ ಬಣ್ಣ ಬರಬೇಕು, ಇಷ್ಟು ಟ್ಯಾಂಕಿನ ಕೆಳಗೇ ನಿಲ್ಲಿಸಿ ತೋರಿಸಿದರೆ ಸಾಕು. ಎರಡು ಗಂಟೆಯ ಕೆಲಸ. ಊರಿಗೆ ವಾಂತಿ ಭೇದಿ ಬಂದ ಮೇಲೆ ಇದೇ ಪಾಠವನ್ನು ಆರೋಗ್ಯ ಇಲಾಖೆ, ಪತ್ರಿಕೆಯವರು, ಶಾಸಕರು ಎಲ್ಲರೂ ಒಟ್ಟಿಗೆ ಬಂದು ಮಾಡುತ್ತಾರೆ.

ಭಾಷೆಯದೂ ಒಂದು ಮಾತು ಹೇಳಿಬಿಡುತ್ತೇನೆ. ನಿನ್ನಂಥ ಇಂಗ್ಲಿಷ್ ಬಲ್ಲವರು ಸ್ಲೈಡ್ ಮಾಡುವಾಗ ಬೇರೆಯವರದನ್ನು ನಕಲು ಮಾಡಿ ಹಾಗೇ ತೋರಿಸಿಬಿಡುತ್ತೀರಿ. ಅದನ್ನು ಕನ್ನಡಕ್ಕೆ ತಂದರೂ ಕೆಲವೊಮ್ಮೆ ಅದು ಇಂಗ್ಲಿಷಿಗಿಂತ ಕಷ್ಟದ ಕನ್ನಡ. ಕಚೇರಿಯಲ್ಲಿ ಮಾತಾಡುವ ಮಾತಿನಲ್ಲೇ, ಒಂದೇ ಹಾಳೆಯಲ್ಲಿ, ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳುವ ಹಾಗೆ ಬರೆದುಕೊಡು. ಇನ್ನೂರು ಪುಟದ ಕೈಪಿಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ; ಗಾಜಿನ ಕೆಳಗಿನ ಹಾಳೆಯನ್ನು ವರ್ಗವಾಗಿ ಹೋಗುವಾಗಲೂ ಯಾರೂ ಕಿತ್ತುಕೊಂಡು ಹೋಗುವುದಿಲ್ಲ, ಮುಂದಿನವನಿಗೆ ಉಳಿಯುತ್ತದೆ.

ಕೊನೆಯ ದಿನ ನೀವು ಒಂದು ಅಭಿಪ್ರಾಯ ನಮೂನೆ ತುಂಬಿಸುತ್ತೀರಲ್ಲ, ಊಟ ಹೇಗಿತ್ತು, ಉಪನ್ಯಾಸ ಹೇಗಿತ್ತು ಅಂತ. ಎಲ್ಲರೂ ‘ಉತ್ತಮ’ ಅಂತ ಗುರುತು ಹಾಕಿ ಬಸ್ಸು ಹಿಡಿಯುತ್ತಾರೆ. ಊಟ ಚೆನ್ನಾಗಿರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ನಿನಗೆ ಬೇಕಾದ ಅಭಿಪ್ರಾಯ ಬೇರೆ ಕಡೆ ಬರೆದಿಟ್ಟಿರುತ್ತದೆ. ಗ್ರಾಮ ಪಂಚಾಯಿತಿಗಳ ಲೆಕ್ಕ ನೋಡುವ ರಾಜ್ಯ ಲೆಕ್ಕಪರಿಶೋಧನೆ ಇಲಾಖೆಯ ಆಕ್ಷೇಪಣೆಗಳು, ಖಜಾನೆ ವಾಪಸು ಮಾಡಿದ ಬಿಲ್ಲುಗಳು, ಉಪವಿಭಾಗಾಧಿಕಾರಿಗಳ ಕೋರ್ಟಿನಲ್ಲಿ ರದ್ದಾದ ಮ್ಯುಟೇಶನ್ ಆದೇಶಗಳು, ಮಾಹಿತಿ ಆಯೋಗದ ದಂಡಗಳು. ಈ ಜಿಲ್ಲೆಯ ನೌಕರನಿಗೆ ಏನು ಗೊತ್ತಿಲ್ಲ ಅನ್ನುವುದನ್ನು ಅವು ಹೆಸರು, ದಿನಾಂಕದ ಸಮೇತ ಹೇಳುತ್ತವೆ. ಒಂದೇ ಬಗೆಯ ತಪ್ಪು ಹತ್ತು ಪಂಚಾಯಿತಿಯಲ್ಲಿ ಕಂಡರೆ ಅದು ನೌಕರರ ಕಳ್ಳತನವಲ್ಲ, ಯಾರೂ ಹೇಳಿಕೊಡದ ವಿಷಯ. ಒಂದೇ ಪಂಚಾಯಿತಿಯಲ್ಲಿ ಮಾತ್ರ ಕಂಡರೆ ಅದಕ್ಕೆ ಮದ್ದು ತರಬೇತಿಯಲ್ಲ, ವಿಚಾರಣೆ. ಈ ವ್ಯತ್ಯಾಸ ಮೇಲಿನವರಿಗೆ ಹೇಳಲು ಹಿಂಜರಿಯಬೇಡ. ಯಾವ ಕೆಟ್ಟ ಸುದ್ದಿ ಬಂದರೂ ‘ನೌಕರರಿಗೆ ಒಂದು ತರಬೇತಿ ಕೊಡಿಸಿ’ ಅಂದು ಕೈ ತೊಳೆದುಕೊಳ್ಳುವುದು ಸಾಹೇಬರಿಗೆ ಸುಲಭದ ದಾರಿ. ಲಂಚಕ್ಕೆ ತರಬೇತಿ ಇಲ್ಲ ಕಣಮ್ಮ. ಖಾಲಿ ಹುದ್ದೆಗೂ ಇಲ್ಲ, ಓಡದ ಕಂಪ್ಯೂಟರ್ ಸರ್ವರ್‌ಗೂ ಇಲ್ಲ.

ಕಲಿಸಿ ಕಳಿಸಿದ ಮೇಲೆ ತಿಂಗಳು ಬಿಟ್ಟು ಅವರ ಕಚೇರಿಗೆ ಹೋಗು. ಕರೆ ಮಾಡಿ ಹೇಳಿ ಹೋಗು, ತಪಾಸಣೆಗೆ ಬಂದಳು ಅಂತ ಹೆದರಬಾರದು. ಪಕ್ಕ ಕುರ್ಚಿ ಎಳೆದುಕೊಂಡು ಕೂತು ಒಂದು ಕಡತ ನಿನ್ನ ಮುಂದೆಯೇ ಮಂಡಿಸಲು ಹೇಳು. ಅಲ್ಲಿ ಅವನ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನಿನ್ನ ಮುಂದಿನ ಪಾಠ ಶುರು ಮಾಡಬೇಕು. ಇದಕ್ಕೆ ಪ್ರಯಾಣ ಭತ್ಯೆ ಕೊಡಲು ಯಾವ ಲೆಕ್ಕಶೀರ್ಷಿಕೆಯೂ ಇಲ್ಲ ಅನ್ನುತ್ತಾರೆ. ಒಂದೆರಡು ಸಲ ಪತ್ರ ಬರೆ, ಆಗದಿದ್ದರೆ ದೇವನಹಳ್ಳಿ ತಾಲ್ಲೂಕಿನಿಂದಲೇ ಶುರು ಮಾಡು. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.

ಸೋಮವಾರ ಹೋಗಿ ವರದಿ ಮಾಡಿಕೊಂಡ ಮೇಲೆ, ಕಳೆದ ಎರಡು ವರ್ಷದ ಲೆಕ್ಕಪರಿಶೋಧನಾ ವರದಿಗಳನ್ನು ತರಿಸಿಕೊಂಡು ಓದು. ಆಮೇಲೆ ನಿನ್ನ ಮೊದಲ ತಂಡದ ಪಟ್ಟಿ ಮಾಡು. ಅದರಲ್ಲಿ ಪಿಡಿಒಗಳ ಹೆಸರಿನ ಕೆಳಗೆ ಅವರ ಆಪರೇಟರ್, ಕರ ವಸೂಲಿಗಾರ, ನೀರಗಂಟಿ ಮೂವರ ಹೆಸರೂ ಇರಲಿ. ಇವರಿಗೆ ಭತ್ಯೆ ಯಾವ ನಿಯಮದಲ್ಲಿ ಅಂತ ಯಾರಾದರೂ ಕೇಳಿದರೆ, ಯಾವ ನಿಯಮದಲ್ಲಿ ಬೇಡ ಅಂತ ಲಿಖಿತವಾಗಿ ಕೊಡಿ ಅನ್ನು.